ಹೊರಗೆ ಹೋದ ಹನ್ನೊಂದು ಜನ

ಗಿರಣಿ ರಸ್ತೆಯ ಡಯಾಲಿಸಿಸ್ ಘಟಕವನ್ನು ಮುಚ್ಚಿದರೆ ರೋಗಿಗಳಿಗೇ ಒಳ್ಳೆಯದು ಎಂದು ವರದಿಯ ಇಪ್ಪತ್ತೆರಡನೇ ಪುಟದಲ್ಲಿ ಬರೆದಿತ್ತು. ಬರೆದವಳು ಮೆಣಸು. ಆ ಹೆಸರಿಟ್ಟವನು ಅವಳ ಸೋದರಮಾವ. ನೋಡಲು ಇಷ್ಟೇ ಇಷ್ಟು, ಖಾರ ಎಷ್ಟೆಂದು ಕೆಣಕಿದವರಿಗೇ ಗೊತ್ತು ಎಂದು ಅವಳಿಗೆ ಐದು ತುಂಬಿದಾಗಲೇ ಅವನು ತೀರ್ಪು ಕೊಟ್ಟಿದ್ದ. ಈಗ ಮೂವತ್ತೆಂಟು. ಹೆಸರೂ ಹೋಗಿಲ್ಲ, ಖಾರವೂ ಇಳಿದಿಲ್ಲ. ಆ ಸೋದರಮಾವ ವಾರಕ್ಕೆ ಮೂರು ದಿನ ಹೋಗಿ ನಾಲ್ಕು ನಾಲ್ಕು ಗಂಟೆ ಕೂರುತ್ತಿದ್ದದ್ದು ಅದೇ ಗಿರಣಿ ರಸ್ತೆಯ ಘಟಕದ ಮೂರನೇ ಕುರ್ಚಿಯಲ್ಲಿ.

ಹಾಗಾದರೆ ಎತ್ತಿ ಆಡಿಸಿದ ಮಾವನ ಕುರ್ಚಿಗೇ ಕೈ ಹಾಕಿದಳೇ ಎಂದರೆ, ಹೌದು, ಹಾಕಿದಳು. ಅವಳು ಲೆಕ್ಕವನ್ನು ನಂಬುವವಳು. ಆರೋಗ್ಯ ಇಲಾಖೆಯ ನಾಲ್ಕನೇ ಮಹಡಿಯಲ್ಲಿ, ಕಿಟಕಿ ಅರ್ಧ ಮಾತ್ರ ತೆರೆಯುವ ಒಂದು ಕೋಣೆಯಲ್ಲಿ, ಅವಳು ಕಂಪ್ಯೂಟರಿನೊಳಗೆ ಒಂದು ಸುಳ್ಳು ಊರನ್ನು ಸಾಕಿಕೊಂಡಿದ್ದಳು. ಅದರಲ್ಲಿ ಸಾವಿರದ ಎಂಟುನೂರು ಸುಳ್ಳು ರೋಗಿಗಳು. ಪ್ರತಿಯೊಬ್ಬರಿಗೂ ಒಂದು ವಯಸ್ಸು, ಒಂದು ಮನೆ, ಮನೆಯಿಂದ ಆಸ್ಪತ್ರೆಗೆ ಒಂದು ದೂರ. ಬೆಳಿಗ್ಗೆ ಏಳುತ್ತಿದ್ದರು, ಬಸ್ಸು ಹತ್ತುತ್ತಿದ್ದರು, ಸಾಲಿನಲ್ಲಿ ಕಾಯುತ್ತಿದ್ದರು, ಕುರ್ಚಿ ಸಿಕ್ಕಾಗ ಕೂತು ಎದ್ದು ಹೋಗುತ್ತಿದ್ದರು. ಒಂದು ಗುಂಡಿ ಒತ್ತಿದರೆ ಅವರ ಐದು ವರ್ಷ ಆರು ನಿಮಿಷದಲ್ಲಿ ಮುಗಿಯುತ್ತಿತ್ತು. ನಿಜವಾದ ಊರಿನಲ್ಲಿ ಏನನ್ನಾದರೂ ಮುಚ್ಚುವ ಮೊದಲು ಈ ಊರಿನಲ್ಲಿ ಮುಚ್ಚಿ ನೋಡಬಹುದು. ಇಲಾಖೆಯವರು ಇದನ್ನು ಮಾದರಿ ಎನ್ನುತ್ತಿದ್ದರು, ಸಮಿತಿಗಳು ಇದನ್ನು ಕೇಳದೆ ಒಂದು ಬಾಗಿಲಿಗೂ ಬೀಗ ಹಾಕುತ್ತಿರಲಿಲ್ಲ.

ಮಾದರಿ ಹೇಳಿದ್ದು ಇಷ್ಟು. ಗಿರಣಿ ರಸ್ತೆಯ ಆರು ಕುರ್ಚಿಗಳನ್ನು ತೆಗೆದು, ಎಲ್ಲರನ್ನೂ ಊರ ನಡುವಿನ ಹೊಸ ದೊಡ್ಡಾಸ್ಪತ್ರೆಗೆ ಕಳಿಸಿದರೆ, ಒಬ್ಬ ರೋಗಿ ಸರಾಸರಿ ಕಾಯುವ ಹೊತ್ತು ನಲವತ್ತೊಂದು ನಿಮಿಷದಿಂದ ಇಪ್ಪತ್ತೊಂಬತ್ತಕ್ಕೆ ಇಳಿಯುತ್ತದೆ. ಮಾವ ಅತ್ತೆಯರ ಜೊತೆಗಿದ್ದ ಮನೆಯಲ್ಲಿ ಈ ಸಂಗತಿಯನ್ನು ಅವಳೇ ಹೇಳಿದಳು. ಮಾವ ನಿವೃತ್ತ ಬಸ್ ಚಾಲಕ. ದೊಡ್ಡಾಸ್ಪತ್ರೆಗೆ ಎರಡು ಬಸ್ಸು ಬದಲಾಯಿಸಬೇಕು, ಎರಡನೆಯದು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವುದು ಅವನಿಗೆ ಯಾವ ಕಂಪ್ಯೂಟರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಆದರೂ ನಕ್ಕು, ಮೂವತ್ತು ವರ್ಷ ತಾನು ಜನರನ್ನು ಕಾಯಿಸಿದ್ದಕ್ಕೆ ಈಗ ಬಡ್ಡಿ ಸಮೇತ ಕಾಯುವುದು ನ್ಯಾಯವೇ ಎಂದ. ಅತ್ತೆ ನಗಲಿಲ್ಲ. ಮೆಣಸಿನ ಮುಂದೆ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟು ಒಳಗೆ ಹೋದವಳು ಆಮೇಲೆ ಮಾತೇ ಬಿಟ್ಟಳು.

ಘಟಕ ಮುಚ್ಚುವ ಮೊದಲು ಅಲ್ಲಿನ ಮುಖ್ಯ ದಾದಿಗೆ ವರದಿ ತೋರಿಸಿ, ತಿಳಿಸಲಾಗಿದೆ ಎಂದು ಒಂದು ಸಹಿ ತರಬೇಕೆನ್ನುವುದು ಇಲಾಖೆಯ ಪದ್ಧತಿ. ಕಾಟಾಚಾರದ ಕೆಲಸ. ಮೆಣಸು ಒಂದು ಮಂಗಳವಾರ ಬೆಳಿಗ್ಗೆ ಕಾಗದ ಹಿಡಿದು ಗಿರಣಿ ರಸ್ತೆಗೆ ಹೋದಳು. ಉದ್ದನೆಯ ಒಂದೇ ಕೋಣೆ, ಗೋಡೆಗೆ ಬೆನ್ನು ಹಚ್ಚಿದ ಆರು ಕುರ್ಚಿ, ಪಕ್ಕದಲ್ಲಿ ಆರು ಯಂತ್ರ. ಯಂತ್ರಗಳು ಒಂದೇ ಶ್ರುತಿಯಲ್ಲಿ ಗುಂಯ್‌ಗುಟ್ಟುತ್ತಿದ್ದವು. ಮಾವ ಮೂರನೇ ಕುರ್ಚಿಯಲ್ಲಿ ತೋಳಿಗೆ ಎರಡು ಕೊಳವೆ ಚುಚ್ಚಿಸಿಕೊಂಡು ಕೂತಿದ್ದ. ಮದುವೆಯಾದ ಮೇಲೆ ತನ್ನ ಕೈಯನ್ನು ಇಷ್ಟು ಹೊತ್ತು ಹಿಡಿದುಕೊಂಡಿದ್ದು ಈ ಯಂತ್ರವೊಂದೇ ಎಂದು ಪಕ್ಕದವನಿಗೆ ಹೇಳುತ್ತಿದ್ದ. ಪಕ್ಕದವನು ಈ ಮಾತನ್ನು ನೂರನೇ ಸಲವೋ ಏನೋ ಕೇಳಿ ನೂರನೇ ಸಲ ನಕ್ಕ.

ಮುಖ್ಯ ದಾದಿಯನ್ನು ಅಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಆಕೆ ಸಹಿ ಹಾಕಲಿಲ್ಲ. ಕನ್ನಡಕ ಏರಿಸಿಕೊಂಡು ವರದಿಯನ್ನು ಮೊದಲ ಪುಟದಿಂದ ಓದಲು ಕೂತಳು. ಮೆಣಸು ಗೋಡೆಗೆ ಒರಗಿ ನಿಂತು ಕಾದಳು. ಅವಳ ಒಂಬತ್ತು ವರ್ಷದ ನೌಕರಿಯಲ್ಲಿ ಒಂದು ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಮನುಷ್ಯರನ್ನು ಅವಳು ನೋಡಿರಲಿಲ್ಲ. ದೊಡ್ಡಕ್ಕ ಹದಿನಾಲ್ಕನೇ ಪುಟದಲ್ಲಿ ನಿಂತಳು. ಅಲ್ಲಿ ಮಾದರಿಯ ಚಿತ್ರವಿತ್ತು. ಮನೆ, ಬಸ್ಸು, ಸಾಲು, ಕುರ್ಚಿ, ಕೊನೆಯಲ್ಲಿ ಒಂದು ಪುಟ್ಟ ಚೌಕದಲ್ಲಿ ಹೊರಬಾಗಿಲು.

"ಸತತವಾಗಿ ಮೂರು ಸಲ ಬರದವರು ಇಲ್ಲಿಂದ ಹೋಗ್ತಾರೆ ಅಂತ ಬರ್ದಿದೀರಿ," ಎಂದಳು ದೊಡ್ಡಕ್ಕ. "ಎಲ್ಲಿಗೆ ಹೋಗ್ತಾರೆ?"

"ಹೊರಗೆ ಹೋಗ್ತಾರೆ."

"ಹೊರಗೆ ಅಂದ್ರೆ ಎಲ್ಲಿಗೆ?"

ಮೆಣಸು ಚಿತ್ರದ ಆ ಪುಟ್ಟ ಚೌಕವನ್ನು ಮತ್ತೆ ನೋಡಿದಳು. ಅವರು ಮಾದರಿಯಿಂದ ಹೊರಗೆ ಹೋಗುತ್ತಾರೆ, ಅಷ್ಟೆ. ಆಮೇಲೆ ಅವರನ್ನು ಯಾರೂ ಎಣಿಸುವುದಿಲ್ಲ.

"ನಮ್ಮಲ್ಲಿ ಬರೋದು ನಿಂತವರು ಎರಡು ವಾರ ಮನೇಲಿರ್ತಾರೆ," ಎಂದಳು ದೊಡ್ಡಕ್ಕ. ದನಿ ಏರಿಸಲೂ ಇಲ್ಲ. "ಆಮೇಲೆ ಇರಲ್ಲ."

ಸಹಿಯಿಲ್ಲದ ಕಾಗದ ಹಿಡಿದು ಮೆಣಸು ಕಚೇರಿಗೆ ಮರಳಿದಳು. ಮೂರು ವರ್ಷದಿಂದ ಮುಟ್ಟದಿದ್ದ ಮಾದರಿಯ ಬುಡವನ್ನು ತೆರೆದು ಸಾಲು ಸಾಲಾಗಿ ಓದಿದಳು. ಆ ಹೊರಬಾಗಿಲು ಎಲ್ಲಿಂದ ಬಂತೆಂದು ಗೊತ್ತಾಗಲು ಇಪ್ಪತ್ತು ನಿಮಿಷ ಸಾಕಾಯಿತು. ಅವಳು ಇಲಾಖೆಗೆ ಮಾಡಿಕೊಟ್ಟ ಮೊಟ್ಟಮೊದಲ ಮಾದರಿ ಕಣ್ಣಿನ ಆಸ್ಪತ್ರೆಯದು. ಕನ್ನಡಕಕ್ಕೆ ಬಂದವರ ಸಾಲು. ಅಲ್ಲಿ ಮೂರು ಸಲ ಬರದವನು ಬೇರೆಲ್ಲೋ ಕನ್ನಡಕ ಕೊಂಡಿರುತ್ತಾನೆ, ಇಲ್ಲವೇ ಮಸುಕು ಮಸುಕಾಗಿಯೇ ದಿನ ದೂಡುತ್ತಾನೆ. ಅವನನ್ನು ಹೊರಗೆ ಕಳಿಸಿ ಕೈ ತೊಳೆದುಕೊಂಡರೆ ಯಾರ ಗಂಟೂ ಹೋಗುವುದಿಲ್ಲ. ಡಯಾಲಿಸಿಸ್ ಮಾದರಿ ಬೇಕೆಂದು ಮೇಲಿನವರು ಅವಸರ ಮಾಡಿದಾಗ ಅವಳು ಅದೇ ಅಸ್ಥಿಪಂಜರ ತೆಗೆದುಕೊಂಡು, ಕನ್ನಡಕದ ಜಾಗದಲ್ಲಿ ಕುರ್ಚಿ ಕೂರಿಸಿದ್ದಳು. ಬಾಗಿಲನ್ನು ಮಾತ್ರ ಹಾಗೇ ಬಿಟ್ಟಿದ್ದಳು. ಇಲಾಖೆಯಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ, ಹಳೆಯದರ ಮೇಲೆ ಹೊಸದನ್ನು ಕಟ್ಟುತ್ತಾರೆ. ಎಲ್ಲರೂ ಮಾಡುತ್ತಾರೆ ಎನ್ನುವುದರಿಂದ ಅವಳಿಗೇನೂ ಸಮಾಧಾನವಾಗಲಿಲ್ಲ.

ಈಗ ಎಲ್ಲ ಬಿಡಿಸಿಟ್ಟ ಹಾಗೆ ಕಂಡಿತು. ಘಟಕ ಮುಚ್ಚಿದರೆ ದೂರದ ಮನೆಯವರು ಒಂದು ಸಲ ತಪ್ಪಿಸುತ್ತಾರೆ, ಎರಡು ಸಲ ತಪ್ಪಿಸುತ್ತಾರೆ, ಮೂರನೆಯದಕ್ಕೆ ಮಾದರಿ ಅವರನ್ನು ಹೊರಗೆ ನೂಕುತ್ತದೆ. ಅವರು ಹೋದಷ್ಟೂ ಸಾಲು ಚಿಕ್ಕದಾಗುತ್ತದೆ. ಸಾಲು ಚಿಕ್ಕದಾದಷ್ಟೂ ಉಳಿದವರಿಗೆ ಬೇಗ ಕುರ್ಚಿ ಸಿಗುತ್ತದೆ. ನಲವತ್ತೊಂದು ನಿಮಿಷ ಇಪ್ಪತ್ತೊಂಬತ್ತಾದದ್ದು ಹೀಗೆ. ಜನ ಸಾಯುವುದನ್ನು ಅವಳ ಮಾದರಿ ಅನುಕೂಲ ಎಂದು ಬರೆದುಕೊಂಡಿತ್ತು. ಎರಡು ವರ್ಷದ ಹಿಂದೆ ಕಾಲುವೆ ದಂಡೆಯ ಘಟಕವನ್ನು ಮುಚ್ಚಿದ್ದು ಇದೇ ಮಾದರಿಯ ಮಾತು ಕೇಳಿ. ಆ ವರದಿಗೂ ಅವಳದೇ ಸಹಿ. ಆ ವರ್ಷ ಅವಳಿಗೆ ಬಡ್ತಿಯೂ ಬಂದಿತ್ತು.

ಅವಳು ಅಳಲಿಲ್ಲ. ಅಳುವುದು ಆಮೇಲೆ, ಮೊದಲು ಬಾಗಿಲು ಎಂದುಕೊಂಡಳು. ಹೊರಗೆ ಹೋದವರನ್ನೂ ದಿನ ದಿನ ಹಿಂಬಾಲಿಸುವಂತೆ ಮಾದರಿಯನ್ನು ತಿದ್ದಲು ಎರಡು ದಿನ ಹಿಡಿಯಿತು. ತಿದ್ದಿದ್ದು ಸರಿಯೋ ಇಲ್ಲವೋ ಎಂದು ಪರೀಕ್ಷಿಸಲು ಮೊದಲು ಕಾಲುವೆ ದಂಡೆಯನ್ನೇ ಹಾಕಿದಳು. ನೂರು ಸಲ ಓಡಿಸಿದಳು. ಘಟಕ ಮುಚ್ಚಿದ ಕಾರಣಕ್ಕೇ ಒಂದು ವರ್ಷದೊಳಗೆ ಎಂಟರಿಂದ ಹದಿನಾಲ್ಕು ಜನ ಸತ್ತಿರಬೇಕು ಎಂದಿತು ಮಾದರಿ.

ಸತ್ತಿರಬೇಕು ಎನ್ನುವುದು ಒಂದು, ಸತ್ತಿದ್ದಾರೆ ಎನ್ನುವುದು ಇನ್ನೊಂದು. ಇಲಾಖೆಯ ಕಡತದಲ್ಲಿ ಕಾಲುವೆ ದಂಡೆಯ ಮೂವತ್ತೊಂದು ಹೆಸರಿನ ಮುಂದೆ 'ಚಿಕಿತ್ಸೆ ಬಿಟ್ಟವರು' ಎಂಬ ಮೊಹರು ಬಿದ್ದಿತ್ತು. ಪಟ್ಟಿ ಹಿಡಿದು ಅವಳು ದೊಡ್ಡಕ್ಕನ ಬಳಿಗೆ ಹೋಗಿ, ತಪ್ಪು ತನ್ನದೆಂದು ಸುತ್ತುಬಳಸು ಮಾತಿಲ್ಲದೆ ಒಪ್ಪಿಕೊಂಡಳು. ದೊಡ್ಡಕ್ಕ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹಾಸುಬಟ್ಟೆಗಳ ಕೋಣೆಯ ಬೀಗ ತೆಗೆದು ಎರಡು ಸ್ಟೂಲು ಹಾಕಿದಳು. ನಾಲ್ಕು ಮಧ್ಯಾಹ್ನ ಇಬ್ಬರೂ ಅಲ್ಲಿ ಕೂತು ಫೋನು ಮಾಡಿದರು. ಕೆಲವರು ಬೇರೆ ಊರಿಗೆ ಹೋಗಿದ್ದರು, ಕೆಲವರು ಖಾಸಗಿ ಆಸ್ಪತ್ರೆ ಹಿಡಿದಿದ್ದರು, ಒಬ್ಬನಿಗೆ ತಂಗಿ ಕಿಡ್ನಿ ಕೊಟ್ಟು ಅವನು ಗುಂಡುಕಲ್ಲಿನ ಹಾಗಿದ್ದ. ಅವನ ದನಿ ಕೇಳಿ ಇಬ್ಬರೂ ಒಂದು ಗಳಿಗೆ ನಕ್ಕರು. ಕಾಲುವೆ ದಂಡೆಯ ದರ್ಜಿಯ ಮನೆಯಲ್ಲಿ ಫೋನು ಎತ್ತಿದ್ದು ಅವನ ಹೆಂಡತಿ. ನಿಮ್ಮ ಯಜಮಾನರು ಚಿಕಿತ್ಸೆ ಯಾಕೆ ಬಿಟ್ಟರು ಎಂದು ಮೆಣಸು ಕೇಳಬಾರದ ರೀತಿಯಲ್ಲಿ ಕೇಳಿಬಿಟ್ಟಳು.

"ಅವ್ರು ಬಿಡ್ಲಿಲ್ಲಮ್ಮ," ಎಂದಳು ಆಕೆ. "ಬಸ್ ಸ್ಟಾಪ್‌ವರೆಗೂ ಹೋಗಿ ಹೋಗಿ ವಾಪಸ್ ಬರ್ತಿದ್ರು."

ನಾಲ್ಕನೇ ಮಧ್ಯಾಹ್ನ ಪಟ್ಟಿ ಮುಗಿದಾಗ ಸತ್ತವರು ಹನ್ನೊಂದು ಜನ. ಮಾದರಿ ಈಗ ನಿಜ ಹೇಳುತ್ತಿತ್ತು. ಅದನ್ನೇ ಗಿರಣಿ ರಸ್ತೆಗೆ ಹಾಕಿದಾಗ ಹದಿನಾರರಿಂದ ಇಪ್ಪತ್ತೆರಡು ಎಂದಿತು.

ಇಲಾಖೆಯ ನಿರ್ದೇಶಕ ಕೆಟ್ಟವನೆಂದು ಯಾರೂ ಹೇಳುತ್ತಿರಲಿಲ್ಲ. ಎಲ್ಲರಿಗೂ ಕುರ್ಚಿ ತೋರಿಸಿ, ನೀರು ಕುಡಿಯಿರಿ ಎಂದು ಹೇಳಿಯೇ ಮಾತು ಶುರು ಮಾಡುವವನು. ಮೆಣಸು ಎಲ್ಲ ಕಾಗದಗಳನ್ನು ಅವನ ಮೇಜಿನ ಮೇಲೆ ಹರಡಿದಾಗಲೂ ಅವಳ ಪ್ರಾಮಾಣಿಕತೆಯನ್ನು ಮನಸಾರೆ ಹೊಗಳಿದ. ಬರುವ ಗುರುವಾರ ಸಮಿತಿ ಸೇರುತ್ತದೆ, ಹೊಸ ಆಸ್ಪತ್ರೆಯ ಬಗ್ಗೆ ಮೇಲಿನವರು ಈಗಾಗಲೇ ಹೇಳಿಕೆ ಕೊಟ್ಟಾಗಿದೆ, ಈ ಸಂಗತಿಯನ್ನು ಅನುಬಂಧದಲ್ಲಿ ಸೇರಿಸಿ ಮುಂದಿನ ವರ್ಷದ ಮಾದರಿಯಲ್ಲಿ ತಿದ್ದೋಣ ಎಂದ. ಮುಂದಿನ ವರ್ಷಕ್ಕೆ ಅವರು ಇರುವುದಿಲ್ಲವಲ್ಲ ಎಂದಳು ಮೆಣಸು. ಆಗ ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ಗಿರಣಿ ರಸ್ತೆ ತಪ್ಪು ಅಂದ್ರೆ ಕಾಲುವೆ ದಂಡೆನೂ ತಪ್ಪು ಅಂತಾಗತ್ತೆ," ಎಂದ. "ಅದಕ್ಕೆ ಸಹಿ ಹಾಕಿದ್ದು ನೀವು, ನಾನಲ್ಲ. ನಿಮ್ಮ ಮಾವನೋರು ಗಿರಣಿ ರಸ್ತೇಲೇ ತೋರಿಸ್ಕೊಳ್ತಾರಂತೆ. ಜನ ಏನಂತಾರೆ, ಅದನ್ನೂ ಯೋಚ್ನೆ ಮಾಡಿ."

ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಅವಳ ಕತ್ತಿಗೆ ಹಗ್ಗ ಹಾಕಿದ್ದ. ಮೆಣಸಿಗೆ ಹೆದರಿಕೆಯಾಯಿತು. ಆಗಲಿಲ್ಲವೆಂದರೆ ಸುಳ್ಳು. ನೌಕರಿ ಹೋಗಬಹುದು, ವಿಚಾರಣೆ ಬರಬಹುದು, ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಿಂದ. ಆದರೆ ಹೆದರಿಕೆಗಿಂತ ಒಂದು ಗೇಣು ಮೇಲೆ ಸಿಟ್ಟಿತ್ತು. ಗಿರಣಿ ರಸ್ತೆಯ ಹಳೆಯ ವರದಿಗೆ ಸಹಿ ಹಾಕುವುದಿಲ್ಲ ಎಂದಷ್ಟೇ ಹೇಳಿ, ಅವನು ಕೊಟ್ಟ ನೀರನ್ನು ಪೂರ್ತಿ ಕುಡಿದು ಎದ್ದು ಬಂದಳು. ಹಾಗಾದರೆ ವರದಿಯನ್ನು ನಾನೇ ಮಂಡಿಸುತ್ತೇನೆ, ನೀವು ಪರದೆಯ ಚಿತ್ರ ಬದಲಾಯಿಸಿದರೆ ಸಾಕು ಎಂದು ಸಂಜೆಯೊಳಗೆ ಅವನಿಂದ ಚೀಟಿ ಬಂತು.

ಮನೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು, ದರ್ಜಿಯ ಹೆಂಡತಿಯ ಮಾತನ್ನೂ ಬಿಡದೆ. ಮಾವ ತನ್ನ ತೋಳಿನ ಗಂಟುಗಟ್ಟಿದ ನರವನ್ನು ಸವರುತ್ತ ಕೇಳಿದ. ಕಾಲುವೆ ದಂಡೆಯ ಬಸ್ಸನ್ನು ಹದಿನಾರು ವರ್ಷ ಓಡಿಸಿದವನು ಅವನು. ಆ ದರ್ಜಿ ಅವನ ಖಾಕಿ ಅಂಗಿಗೆ ಗುಂಡಿ ಹಾಕಿಕೊಟ್ಟಿದ್ದನಂತೆ.

"ನನ್ನ ವಿಷ್ಯ ಎತ್ತಿ ನಿನ್ನ ಬಾಯಿ ಮುಚ್ಚಿಸ್ತಾರೆ ಅಂದ್ರೆ, ನನ್ನ ವಿಷ್ಯ ನೀನೇ ಮೊದ್ಲು ಹೇಳ್ಬಿಡು," ಎಂದ.

ಎರಡು ವಾರದಿಂದ ಮಾತು ಬಿಟ್ಟಿದ್ದ ಅತ್ತೆ ಒಳಗಿನಿಂದ ಬಂದು ಬಾಗಿಲ ಬಳಿ ನಿಂತಳು. "ತಪ್ಪು ಮಾಡಿದೀಯ," ಎಂದಳು. "ಹೋಗಿ ಹೇಳಿ ಬಾ. ಊಟ ಬಿಸಿ ಮಾಡಿ ಇಟ್ಟಿರ್ತೀನಿ."

ಗುರುವಾರ ಸಮಿತಿಯ ಕೋಣೆಯಲ್ಲಿ ಒಂಬತ್ತು ಸದಸ್ಯರು ಉದ್ದ ಮೇಜಿನ ಸುತ್ತ ಕೂತಿದ್ದರು. ಅಧ್ಯಕ್ಷೆ ನಿವೃತ್ತ ಶಸ್ತ್ರವೈದ್ಯೆ, ಮಾತು ಕಡಿಮೆ. ಮೂಲೆಯಲ್ಲಿ ನಡಾವಳಿ ಬರೆದುಕೊಳ್ಳುವ ಗುಮಾಸ್ತ. ನಿರ್ದೇಶಕ ಸೊಗಸಾಗಿ ಮಾತಾಡಿದ. ಎಂಟನೇ ಚಿತ್ರದವರೆಗೂ ಮೆಣಸು ಗುಂಡಿ ಒತ್ತಿದಳು. ಒಂಬತ್ತನೆಯದರಲ್ಲಿ ನಲವತ್ತೊಂದು ಮತ್ತು ಇಪ್ಪತ್ತೊಂಬತ್ತು ದೊಡ್ಡ ಅಕ್ಷರದಲ್ಲಿ ಬರಬೇಕಿತ್ತು. ನಿರ್ದೇಶಕ ಮುಂದಿನದು ಎಂದ. ಅವಳು ಒತ್ತಲಿಲ್ಲ. ಎರಡನೇ ಸಲ ಎಂದ. ಅವಳು ಎದ್ದು ನಿಂತಳು.

"ಈ ಮಾದರಿ ಮಾಡಿದ್ದು ನಾನು," ಎಂದಳು. "ನನ್ನ ಸೋದರಮಾವ ಗಿರಣಿ ರಸ್ತೆಯ ಮೂರನೇ ಕುರ್ಚೀಲಿ ಕೂರ್ತಾರೆ. ಆಮೇಲೆ ಇನ್ಯಾರೋ ಹೇಳೋ ಬದ್ಲು ನಾನೇ ಹೇಳ್ತಿದೀನಿ. ಮಾದರಿ ತಪ್ಪಿದೆ. ತಪ್ಪು ನಂದು."

ಕೂತುಕೊಳ್ಳಿ ಎಂದ ನಿರ್ದೇಶಕನ ಮಾತನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅಧ್ಯಕ್ಷೆ ಕೈ ಎತ್ತಿ ಅವನನ್ನು ಸುಮ್ಮನಿರಿಸಿದಳು. ಮೆಣಸು ಪರದೆಯ ಮೇಲೆ ಸುಳ್ಳು ಊರನ್ನು ಎರಡು ಸಲ ಓಡಿಸಿದಳು. ಮೊದಲ ಸಲ ಹಳೆಯ ರೀತಿ. ರೋಗಿಗಳ ನೀಲಿ ಚುಕ್ಕೆಗಳು ಸಾಲುಗಟ್ಟಿ ಬಂದವು, ಕೆಲವು ಮೂಲೆಯ ಬಾಗಿಲಲ್ಲಿ ಮಾಯವಾದವು, ಸಾಲು ಚೊಕ್ಕಟವಾಯಿತು. ಎರಡನೇ ಸಲ ಬಾಗಿಲು ದಾಟಿದ ಚುಕ್ಕೆಗಳು ಮಾಯವಾಗಲಿಲ್ಲ. ತಮ್ಮ ತಮ್ಮ ಮನೆಗೆ ಹೋಗಿ ನಿಂತವು. ಹದಿನಾಲ್ಕು ದಿನಕ್ಕೆ ಒಂದೊಂದಾಗಿ ಕಪ್ಪಾದವು.

ನಿರ್ದೇಶಕ ಸಾವರಿಸಿಕೊಂಡು ನಕ್ಕ. ಇವೆಲ್ಲ ಕಂಪ್ಯೂಟರಿನ ಚುಕ್ಕೆಗಳು, ಯಾರೂ ಸತ್ತಿಲ್ಲ, ಭಾವಾವೇಶದಲ್ಲಿ ನೀತಿ ರೂಪಿಸಲು ಆಗುವುದಿಲ್ಲ ಎಂದ. ಮೆಣಸು ಅದಕ್ಕೇ ಕಾದಿದ್ದಳು. ಕಾಲುವೆ ದಂಡೆಯ ಪಟ್ಟಿಯ ಹತ್ತು ಪ್ರತಿಗಳನ್ನು ಒಬ್ಬೊಬ್ಬರ ಮುಂದೆ ಇಡುತ್ತ ಹೋದಳು. ಮಾದರಿ ಎಂಟರಿಂದ ಹದಿನಾಲ್ಕು ಎಂದದ್ದನ್ನೂ, ಫೋನಿನಲ್ಲಿ ಹನ್ನೊಂದು ಸಿಕ್ಕಿದ್ದನ್ನೂ, ಇವರು ಚುಕ್ಕೆಗಳಲ್ಲ ಎನ್ನುವುದನ್ನೂ ಹೇಳಿದಳು. ಕೊನೆಯ ಪ್ರತಿಯನ್ನು ನಿರ್ದೇಶಕನ ಮುಂದೆ ಇಟ್ಟಳು. ಅವನು ಅದನ್ನು ಮುಟ್ಟಲಿಲ್ಲ.

ಚರ್ಚೆ ಒಂದು ಗಂಟೆ ನಡೆಯಿತು. ಸದಸ್ಯರು ಮೆಣಸಿಗೆ ಚೆನ್ನಾಗಿಯೇ ನೀರು ಕುಡಿಸಿದರು. ಮೂರು ವರ್ಷ ಏನು ಮಾಡುತ್ತಿದ್ದಿರಿ ಎಂದೊಬ್ಬ ಕೇಳಿದ್ದಕ್ಕೆ ಅವಳು ನೋಡಲಿಲ್ಲ ಎಂದಳು, ನೋಡಬೇಕಿತ್ತು ಎಂದಳು. ಬೇರೆ ನೆಪ ಹೇಳಲಿಲ್ಲ. ಕೊನೆಗೆ ಅಧ್ಯಕ್ಷೆ ಗಿರಣಿ ರಸ್ತೆಯ ಘಟಕವನ್ನು ಸದ್ಯಕ್ಕೆ ಮುಚ್ಚುವುದಿಲ್ಲ ಎಂದಾಗ ಕೋಣೆಯ ಬಿಗಿ ಸಡಿಲವಾಯಿತು. ನಿರ್ದೇಶಕ ತಟ್ಟನೆ ಗುಮಾಸ್ತನಿಗೆ ನಡಾವಳಿಯ ವಾಕ್ಯ ಹೇಳಿ ಬರೆಸಿದ. ಮಾದರಿಯಲ್ಲಿ ತಾಂತ್ರಿಕ ದೋಷ ಕಂಡುಬಂದ ಕಾರಣ ವಿಷಯವನ್ನು ಮುಂದೂಡಲಾಗಿದೆ. ಸದಸ್ಯರು ಚೀಲ ಎತ್ತಿಕೊಳ್ಳತೊಡಗಿದರು.

ಮೆಣಸು ಒಂಬತ್ತು ವರ್ಷ ಇಲಾಖೆಯ ಅನ್ನ ತಿಂದವಳು. ಮುಂದೂಡಿದ್ದು ಎರಡು ತಿಂಗಳಲ್ಲಿ ಬೇರೆ ಸಮಿತಿಯ ಮುಂದೆ, ಬೇರೆಯವರ ಸಹಿಯೊಂದಿಗೆ ತಿರುಗಿ ಬರುತ್ತದೆ ಎನ್ನುವುದು ಅವಳಿಗೆ ಗೊತ್ತು. ಒಂದು ಕ್ರಮದಿಂದ ಜನ ಸತ್ತರೆಂದು ನಡಾವಳಿಯಲ್ಲಿ ಹೆಸರು ಸಮೇತ ದಾಖಲಾದರೆ ಮಾತ್ರ, ವಿಚಾರಣೆ ಮುಗಿಯುವವರೆಗೆ ಅಂಥ ಕ್ರಮವನ್ನು ಯಾರೂ ಮತ್ತೆ ತರುವಂತಿಲ್ಲ. ಆ ವಿಚಾರಣೆಯಲ್ಲಿ ಮೊದಲು ನಿಲ್ಲಬೇಕಾದವಳು ತಾನೇ ಎನ್ನುವುದೂ ಅವಳಿಗೆ ಗೊತ್ತಿತ್ತು. ಎಲ್ಲರೂ ಏಳುತ್ತಿದ್ದಾಗ ಅವಳು ಗುಮಾಸ್ತನ ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

"ಹನ್ನೊಂದು ಜನ ಸತ್ತಿದ್ದು ಬರೀರಿ," ಎಂದಳು. "ಬರೆಯೋವರೆಗೂ ನಾನು ಏಳಲ್ಲ."

ಸಭೆ ಮುಗಿದಿದೆ ಎಂದ ನಿರ್ದೇಶಕ. ಮುಗಿದಿರಲಿ ಎಂದಳು. ಇದರ ಪರಿಣಾಮ ಗೊತ್ತಿದೆಯೇ ಎಂದ. ಗೊತ್ತಿದ್ದೇ ಕೂತಿದ್ದೇನೆ ಎಂದಳು. ಒಬ್ಬ ಸದಸ್ಯ ಗಡಿಯಾರ ನೋಡಿದ, ಇನ್ನೊಬ್ಬ ಬಾಗಿಲವರೆಗೆ ಹೋಗಿ ನಿಂತ. ಮೆಣಸು ಜಪ್ಪಯ್ಯ ಎಂದರೂ ಕದಲದೆ ಕೂತಿದ್ದಳು. ಆಗ ಅಧ್ಯಕ್ಷೆ ಚೀಲವನ್ನು ಮತ್ತೆ ಮೇಜಿನ ಮೇಲಿಟ್ಟು ಕೂತಳು. ಬರೆದುಕೊಳ್ಳಿ ಎಂದಳು ಗುಮಾಸ್ತನಿಗೆ.

ಗುಮಾಸ್ತ ಹಳೆಯ ವಾಕ್ಯದ ಮೇಲೆ ಗೆರೆ ಎಳೆದು ಹೊಸ ಹಾಳೆ ತೆಗೆದ. ತಪ್ಪು ಯಾರದೆಂದು ಬರೆಯಲಿ ಎಂದು ಕೇಳಿದ. ಮೆಣಸು ತನ್ನ ಪೂರ್ತಿ ಹೆಸರು ಹೇಳಿದಳು, ಮನೆಯಲ್ಲಿ ಯಾರೂ ಕರೆಯದ ಹೆಸರು. ಸತ್ತವರಲ್ಲಿ ಮೊದಲು ದರ್ಜಿಯ ಹೆಸರು ಹೇಳಿದಳು, ಅವನ ವಯಸ್ಸು, ಅವನ ಬೀದಿ. ಗುಮಾಸ್ತ ಪಟ್ಟಿಯನ್ನು ನೋಡಿ, ಕಾರಣದ ಅಂಕಣದಲ್ಲಿ ಅಲ್ಲಿದ್ದಂತೆಯೇ ಚಿಕಿತ್ಸೆ ಬಿಟ್ಟವರು ಎಂದು ಬರೆಯಲು ಹೊರಟ.

"ಬಿಟ್ಟವರಲ್ಲ," ಎಂದಳು ಮೆಣಸು. "ಅವರ ಕುರ್ಚಿ ನಾವು ತೆಗೆದ್ವಿ. ಹಾಗಂತ ಬರೀರಿ."

ಗುಮಾಸ್ತ ನಿರ್ದೇಶಕನ ಮುಖ ನೋಡಲಿಲ್ಲ. ಅವಳು ಹೇಳಿದ ಹಾಗೆಯೇ ಬರೆದು, ಎರಡನೆಯವರು ಯಾರು ಎಂದು ಕೇಳಿದ.